ಡೇಟ್ ಬಾರ್ ಆದ ಫ್ರೋಜನ್ ತರಕಾರಿ: ನಾನು ಯಾವುದನ್ನು ಬೇಯಿಸುತ್ತೇನೆ, ಯಾವುದನ್ನು ಬಿಸಾಡುತ್ತೇನೆ

ನಮ್ಮ ಮನೆಯಲ್ಲಿ ಎರಡು ಫ್ರೀಜರ್ ಇವೆ. ಯುಟಿಲಿಟಿಯಲ್ಲಿರುವ ದೊಡ್ಡ ಡೀಪ್ ಫ್ರೀಜರ್ ವ್ಯಾಪಾರದ್ದು. ಬೆಂಗಳೂರಿನಲ್ಲಿ ನಮ್ಮ ಏರಿಯಾದ ಆಫೀಸುಗಳಿಗೆ ಮಧ್ಯಾಹ್ನದ ಊಟ ಕಳಿಸುವುದು ನನ್ನ ಕೆಲಸ. ಅಡುಗೆಮನೆಯ ಫ್ರಿಜ್ಜಿನ ಮೇಲ್ಭಾಗದಲ್ಲಿ ಇರುವುದು ಮನೆಮಂದಿಗೆ. ಬಟಾಣಿ, ಸ್ವೀಟ್ ಕಾರ್ನ್, ಬೀನ್ಸ್, ಅವರೆಕಾಳು ಎರಡರಲ್ಲೂ ಇದ್ದೇ ಇರುತ್ತವೆ. ಆದರೆ ಡೇಟ್ ಬಾರ್ ಆದ ಪ್ಯಾಕೆಟ್ ಸಿಕ್ಕಿದರೆ ಎರಡು ಕಡೆ ಎರಡು ಕಾನೂನು.

ಮಾರುವ ಊಟಕ್ಕೆ ಡೇಟ್ ಮುಗಿದದ್ದು ಒಂದು ಕಾಳೂ ಹೋಗಬಾರದು. ದುಡ್ಡು ಕೊಟ್ಟು ಉಣ್ಣುವವರಿಗೆ ನನ್ನ ಫ್ರೀಜರಿನ ಕಥೆ ಗೊತ್ತಿರುವುದಿಲ್ಲ. ಆಹಾರ ಸುರಕ್ಷತಾ ಕಾನೂನೂ ಒಪ್ಪುವುದಿಲ್ಲ. ತಿಂಗಳಿಗೊಮ್ಮೆ ಪೆಟ್ಟಿಗೆ ಖಾಲಿ ಮಾಡಿ ಹೊಸದನ್ನು ಕೆಳಗೆ, ಹಳೆಯದನ್ನು ಮೇಲೆ ಇಡುತ್ತೇನೆ. ಡೇಟ್ ಹತ್ತಿರ ಬಂದದ್ದು ಆ ವಾರದ ಪಲಾವಿಗೋ ಕುರ್ಮಾಕ್ಕೋ ಹೋಗುತ್ತದೆ. ಅಷ್ಟೇ ವಿಷಯ.

ತಲೆನೋವು ಮನೆಯ ಫ್ರೀಜರಿನದ್ದು. ಆಫರ್ ಇದೆ ಅಂತ ತಂದ ಬಟಾಣಿ ಐಸ್ ಟ್ರೇ ಹಿಂದೆ ಸೇರಿಕೊಂಡು ಯಾವಾಗಲೋ ಕೈಗೆ ಸಿಗುತ್ತದೆ. ಡೇಟ್ ನೋಡಿದರೆ ಹೋದ ತಿಂಗಳೇ ಮುಗಿದಿರುತ್ತದೆ. ಆಗ ಏನು ಮಾಡುವುದು?

ಮೊದಲು ಡೇಟಿನ ಪಕ್ಕ ಏನು ಬರೆದಿದೆ ಅಂತ ಓದುತ್ತೇನೆ. 'ಬೆಸ್ಟ್ ಬಿಫೋರ್' ಅಂದರೆ ಅಲ್ಲಿಯವರೆಗೆ ರುಚಿ, ಬಣ್ಣ ಚೆನ್ನಾಗಿರುತ್ತದೆ ಎಂಬ ಮಾತು. 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ಅಂದರೆ ಅದಾದಮೇಲೆ ಕಂಪನಿ ಹೊಣೆ ಹೊರುವುದಿಲ್ಲ, ಅಂಗಡಿಯವರು ಮಾರುವಂತಿಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದಲ್ಲಿ ಎಕ್ಸ್‌ಪೈರಿ ಹಾಕುವುದು ಕಡ್ಡಾಯ, ಬೆಸ್ಟ್ ಬಿಫೋರ್ ಹಾಕುವುದು ಅವರವರ ಇಷ್ಟ. ಹಾಗಾಗಿ ಈಗ ಹೆಚ್ಚಾಗಿ ಎಕ್ಸ್‌ಪೈರಿಯೇ ಕಾಣುತ್ತದೆ. ಬೆಸ್ಟ್ ಬಿಫೋರ್ ದಾಟಿದ ಬರೀ ತರಕಾರಿಗೆ ನಾನು ಮೂರ್ನಾಲ್ಕು ತಿಂಗಳು ರಿಯಾಯಿತಿ ಕೊಡುತ್ತೇನೆ. ಎಕ್ಸ್‌ಪೈರಿ ದಾಟಿದ್ದರೆ ಕೆಲವು ವಾರ ಮಾತ್ರ. ಅದೂ ಈಗ ಹೇಳುವ ಪರೀಕ್ಷೆಗಳಲ್ಲಿ ಪಾಸಾದರೆ. ಇದು ನನ್ನ ಮನೆಯ ಮಟ್ಟಿಗೆ ನಾನು ಮಾಡಿಕೊಂಡ ಲೆಕ್ಕ. ಬಸುರಿಯರು, ಎಳೆ ಮಕ್ಕಳು, ಕಾಯಿಲೆಯವರು ಮನೆಯಲ್ಲಿದ್ದರೆ ಈ ರಿಯಾಯಿತಿಯೂ ಇಲ್ಲ.

ಇಷ್ಟು ಧೈರ್ಯ ಎಲ್ಲಿಂದ ಬಂತು ಅಂದರೆ, ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಯಾವುದೂ ಬೆಳೆಯುವುದಿಲ್ಲ. ಒಂದು ದಿನವೂ ಕರಗದೆ ಅಷ್ಟೇ ತಂಪಿನಲ್ಲಿದ್ದ ತರಕಾರಿ ಡೇಟ್ ಮುಗಿದ ಮಾರನೇ ದಿನ ವಿಷ ಆಗುವುದಿಲ್ಲ. ರುಚಿ ಮಾತ್ರ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಸಾಮಾನ್ಯವಾಗಿ ತರಕಾರಿಗೆ 8ರಿಂದ 12 ತಿಂಗಳು ಒಳ್ಳೆಯ ಕಾಲ. ಆಮೇಲೆ ಹಸಿರು ಮಂಕಾಗುತ್ತದೆ, ಸಿಹಿ ಕಡಿಮೆಯಾಗುತ್ತದೆ, ವಿಟಮಿನ್ ಸಿ ಕೂಡ ಸ್ವಲ್ಪ ಸ್ವಲ್ಪ ಹೋಗುತ್ತದೆ.

ಆದರೆ ಆ 'ಅಷ್ಟೇ ತಂಪಿನಲ್ಲಿದ್ದ' ಅನ್ನುವುದರಲ್ಲೇ ಎಲ್ಲ ಇದೆ. ಪ್ಯಾಕೆಟ್ ಮೇಲಿನ ಡೇಟ್ ಹಾಕುವಾಗ ಕಂಪನಿ ಮೈನಸ್ 18 ಅಂತ ಲೆಕ್ಕ ಹಿಡಿದಿರುತ್ತದೆ. ಲಾರಿಯಲ್ಲಿ, ಅಂಗಡಿಯಲ್ಲಿ, ಸ್ಕೂಟರ್ ಡಿಕ್ಕಿಯಲ್ಲಿ, ನಮ್ಮ ಮನೆಯಲ್ಲಿ ಅದು ಹಾಗೇ ಇತ್ತಾ? ಕರೆಂಟ್ ಬಿಲ್ ಉಳಿಸಲು ರಾತ್ರಿ ಫ್ರೀಜರ್ ಆಫ್ ಮಾಡುವ ಅಂಗಡಿಯೊಂದನ್ನು ನಾನು ಬಲ್ಲೆ. ಅಲ್ಲಿನ ಬಟಾಣಿ ಡೇಟ್ ಇನ್ನೂ ಆರು ತಿಂಗಳಿದ್ದರೂ ನನಗೆ ಬೇಡ.

ಮನೆಯ ಫ್ರೀಜರನ್ನೂ ನಂಬುವ ಮೊದಲು ಅಳೆದು ನೋಡಬೇಕು. ಒಂದು ಫ್ರೀಜರ್ ಥರ್ಮಾಮೀಟರ್ ತಂದು ಪ್ಯಾಕೆಟ್‌ಗಳ ಮಧ್ಯೆ ಇಟ್ಟು, ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ನೋಡುತ್ತೇನೆ. ಡೀಪ್ ಫ್ರೀಜರ್ ಯಾವಾಗಲೂ ಮೈನಸ್ 18ಕ್ಕಿಂತ ಕೆಳಗೇ ಇರುತ್ತದೆ. ತುಮಕೂರಿನಲ್ಲಿ ಅಮ್ಮನ ಒಂದೇ ಬಾಗಿಲಿನ ಹಳೇ ಫ್ರಿಜ್ಜಿನ ಐಸ್ ಬಾಕ್ಸ್ ಮೈನಸ್ 8 ತೋರಿಸಿತು. ಅಲ್ಲಿ ಬಟಾಣಿ ಗಟ್ಟಿಯಾಗೇನೋ ಇರುತ್ತದೆ, ಆದರೆ ಪ್ಯಾಕೆಟ್ ಮೇಲಿನ ಡೇಟಿಗೆ ಅರ್ಥವಿಲ್ಲ. ಅಮ್ಮನಿಗೆ ಹೇಳಿಬಿಟ್ಟಿದ್ದೇನೆ, ತಂದದ್ದನ್ನು ಎರಡು ಮೂರು ವಾರದಲ್ಲಿ ಮುಗಿಸಿಬಿಡಮ್ಮ ಅಂತ.

"ನಮ್ದು ಫೈವ್ ಸ್ಟಾರ್ ಫ್ರಿಜ್ ಕಣ್ರೀ" ಅಂತ ಪಕ್ಕದ ಮನೆಯವರು ಹೇಳುತ್ತಿರುತ್ತಾರೆ. ಆ ಸ್ಟಾರ್ ಕರೆಂಟ್ ಉಳಿತಾಯದ್ದು. ತಂಪಿನ ಸ್ಟಾರ್ ಬೇರೆ. ಕೆಲವು ಫ್ರೀಜರ್‌ಗಳಲ್ಲಿ ಸಣ್ಣ ನಕ್ಷತ್ರದ ಗುರುತುಗಳಿರುತ್ತವೆ: ಒಂದಿದ್ದರೆ ಮೈನಸ್ 6, ಎರಡಿದ್ದರೆ ಮೈನಸ್ 12, ಮೂರಿದ್ದರೆ ಮೈನಸ್ 18. ಫ್ರಾಸ್ಟ್ ಫ್ರೀ ಫ್ರಿಜ್ಜಿನದ್ದು ಇನ್ನೊಂದು ಕಥೆ. ಐಸ್ ಕಟ್ಟದಿರಲಿ ಅಂತ ಅದು ಆಗಾಗ ತಾನೇ ಸ್ವಲ್ಪ ಬಿಸಿ ಮಾಡಿಕೊಳ್ಳುತ್ತದೆ. ಹೀಗೆ ಮೇಲೆ ಕೆಳಗೆ ಆಗುವಾಗ ತರಕಾರಿಯ ನೀರು ಆವಿಯಾಗಿ ಹೊರಬಂದು ಕವರಿನ ಒಳಗೆ ಮಂಜಾಗಿ ಕೂರುತ್ತದೆ. ಕಾಳು ಅಲ್ಲಲ್ಲಿ ಬೆಳ್ಳಗೆ ಒಣಗುತ್ತದೆ. ಇದನ್ನೇ ಫ್ರೀಜರ್ ಬರ್ನ್ ಅನ್ನುವುದು. ತಿಂದರೆ ತೊಂದರೆಯಿಲ್ಲ, ರುಚಿ ಮಾತ್ರ ರಟ್ಟು ಅಗಿದ ಹಾಗೆ.

ಕರೆಂಟ್ ವಿಷಯಕ್ಕೆ ಬರೋಣ. ಬೇಸಿಗೆಯಲ್ಲಿ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಕೈಕೊಟ್ಟರೆ ಅರ್ಧ ದಿನ ಕರೆಂಟ್ ಇರುವುದಿಲ್ಲ. ಮನೆಯ ಯುಪಿಎಸ್‌ನಲ್ಲಿ ಫ್ಯಾನು, ಲೈಟು ಓಡುತ್ತವೆ, ಫ್ರಿಜ್ ಓಡುವುದಿಲ್ಲ. ಆಗ ನಾನು ಮಾಡುವುದು ಒಂದೇ: ಫ್ರೀಜರ್ ಬಾಗಿಲು ಮುಟ್ಟುವುದಿಲ್ಲ, ಯಾರಿಗೂ ಮುಟ್ಟಲು ಬಿಡುವುದಿಲ್ಲ. ತುಂಬಿದ ಫ್ರೀಜರ್ ಬಾಗಿಲು ತೆಗೆಯದಿದ್ದರೆ ಸುಮಾರು 48 ಗಂಟೆ ತಂಪು ಹಿಡಿದಿಡುತ್ತದೆ, ಅರ್ಧ ತುಂಬಿದ್ದು 24 ಗಂಟೆ. ಅದಕ್ಕೇ ಜಾಗ ಖಾಲಿಯಿದ್ದಾಗ ನೀರಿನ ಬಾಟಲಿ ತುಂಬಿಸಿ ಇಟ್ಟಿರುತ್ತೇನೆ. ಬಾಟಲಿಯನ್ನು ಕುತ್ತಿಗೆವರೆಗೆ ತುಂಬಬೇಡಿ, ಒಡೆಯುತ್ತದೆ.

ಊರಿಗೆ ಹೋದಾಗ ಏನಾಯಿತು ಅಂತ ತಿಳಿಯಲು ಒಂದು ಹಳೇ ಉಪಾಯವಿದೆ. ಲೋಟದಲ್ಲಿ ನೀರು ಇಟ್ಟು ಐಸ್ ಮಾಡಿ, ಮೇಲೆ ಒಂದು ನಾಣ್ಯ ಇಟ್ಟು ಹೋಗುವುದು. ವಾಪಸ್ ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ತಳ ಸೇರಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಆಗ ಡೇಟ್ ನೋಡುವ ಪ್ರಶ್ನೆಯೇ ಇಲ್ಲ, ಎಲ್ಲ ಹೊರಗೆ. ಕಣ್ಣೆದುರೇ ಕರಗುತ್ತಿದ್ದು ಒಳಗೆ ಇನ್ನೂ ಐಸ್ ಹರಳು ಉಳಿದಿದ್ದರೆ ಮತ್ತೆ ಫ್ರೀಜ್ ಮಾಡಬಹುದು. ಮೆತ್ತಗಾಗುತ್ತದೆ, ಕೆಟ್ಟಿರುವುದಿಲ್ಲ.

ಪ್ಯಾಕೆಟ್ ಕೈಗೆ ಬಂದಾಗ ಮೊದಲು ಅಲ್ಲಾಡಿಸುತ್ತೇನೆ. ಕಾಳು ಬಿಡಿಬಿಡಿಯಾಗಿ ಗಲಗಲ ಅಂದರೆ ಪಾಸ್. ಫ್ಯಾಕ್ಟರಿಯಲ್ಲಿ ಒಂದೊಂದು ಕಾಳನ್ನೂ ಬೇರೆ ಬೇರೆಯಾಗಿ ಫ್ರೀಜ್ ಮಾಡಿರುತ್ತಾರೆ. ಒಂದೇ ಹೆಂಟೆಯಾಗಿದ್ದರೆ ಮಧ್ಯೆ ಎಲ್ಲೋ ಕರಗಿದೆ ಅಂತ ಅರ್ಥ. ಕವರ್ ಉಬ್ಬಿದ್ದರೆ, ತೂತಾಗಿದ್ದರೆ, ಒಳಗೆ ಕಂದು ಬಣ್ಣದ ನೀರು ಗಟ್ಟಿಯಾಗಿದ್ದರೆ ತೆರೆದು ನೋಡುವುದೂ ಇಲ್ಲ. ಎಲ್ಲ ಸರಿಯಿದ್ದರೆ ಒಂದು ಹಿಡಿ ತೆಗೆದು ಕುದಿಯುವ ನೀರಿಗೆ ಹಾಕಿ, ವಾಸನೆ ನೋಡಿ, ಬೆಂದಮೇಲೆ ರುಚಿ ನೋಡುತ್ತೇನೆ. ಒಣಹುಲ್ಲಿನ ವಾಸನೆ ಬಂದರೆ ಬೇಡ.

"ಹಾಳಾಗಿದ್ರೆ ವಾಸನೆ ಬರಲ್ವೇನೇ? ಸುಮ್ನೆ ಬಿಸಾಡ್ತೀಯಲ್ಲ" ಅನ್ನುತ್ತಾರೆ ಅತ್ತೆ. "ಎಲ್ಲದಕ್ಕೂ ವಾಸನೆ ಬರಲ್ಲ ಅತ್ತೆ" ಅಂತ ಅವರಿಗೆ ಸ್ವೀಟ್ ಕಾರ್ನ್ ಕಥೆ ಹೇಳಿದ್ದೆ. 2015ರಿಂದ 2018ರವರೆಗೆ ಯುರೋಪಿನ ಐದು ದೇಶಗಳಲ್ಲಿ 47 ಜನರಿಗೆ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾದ ಸೋಂಕು ತಗುಲಿ 9 ಜನ ಸತ್ತರು. ಮೂಲ ಹುಡುಕಿದರೆ ಹಂಗೇರಿಯ ಒಂದು ಘಟಕದಲ್ಲಿ ಫ್ರೀಜ್ ಮಾಡಿದ ಕಾರ್ನ್ ಮತ್ತು ತರಕಾರಿ. ಅದು ಡೇಟ್ ಮುಗಿದದ್ದರಿಂದ ಆದ ಅನಾಹುತವಲ್ಲ. ಫ್ರೀಜ್ ಮಾಡಿದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ ನಿಜ, ಆದರೆ ಸಾಯುವುದೂ ಇಲ್ಲ. ಲಿಸ್ಟೀರಿಯಾ ಅಂತೂ ಕರಗಿದಮೇಲೆ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಆದ್ದರಿಂದ ಫ್ರೋಜನ್ ಕಾರ್ನ್ ಕರಗಿಸಿ ಹಾಗೇ ಸಲಾಡಿಗೆ, ಕೋಸಂಬರಿಗೆ ಹಾಕುವುದು ನಮ್ಮಲ್ಲಿ ಇಲ್ಲ. ನಿನ್ನೆ ಕೊಂಡ ಪ್ಯಾಕೆಟ್ ಆದರೂ ಅಷ್ಟೇ. ಹೊರಗಿಟ್ಟು ಕರಗಿಸುವುದೂ ಇಲ್ಲ. ಫ್ರೀಜರಿನಿಂದ ನೇರ ಕುದಿಯುವ ಪಾತ್ರೆಗೆ.

ಹಳೆಯದಾದಮೇಲೆ ಯಾವ ತರಕಾರಿ ಹೇಗಿರುತ್ತದೆ ಅನ್ನುವುದು ಒಂದೊಂದರದ್ದು ಒಂದೊಂದು ತರಹ. ಬಟಾಣಿ ಗಟ್ಟಿ ಜೀವ, ಬಣ್ಣ ಸ್ವಲ್ಪ ಇಳಿದರೂ ಸಾಗು, ಪಲಾವಿನಲ್ಲಿ ಗೊತ್ತೇ ಆಗುವುದಿಲ್ಲ. ಕಾರ್ನ್ ಸಪ್ಪೆಯಾಗುತ್ತದೆ, ಸೂಪಿಗೆ ಸರಿ. ಬೀನ್ಸ್ ರಬ್ಬರಿನಂತಾಗಿ ನೀರು ಬಿಡುತ್ತದೆ. ಅದರ ಪಲ್ಯ ಮಾಡಿದರೆ ಯಾರೂ ಮುಟ್ಟುವುದಿಲ್ಲ, ಹುಳಿಗೆ ಹಾಕಿ. ಪಾಲಕ್ ಹೇಗೂ ರುಬ್ಬುವುದೇ. ಹೂಕೋಸು ಮಾತ್ರ ಹಳೆಯದಾದರೆ ಮನೆಯೆಲ್ಲ ನಾರುತ್ತದೆ, ಅದಕ್ಕೆ ರಿಯಾಯಿತಿ ಇಲ್ಲ. ಎಣ್ಣೆ ಸೇರಿದ ಫ್ರೋಜನ್ ಪರೋಟ, ಫ್ರೆಂಚ್ ಫ್ರೈಸ್‌ಗೂ ಇಲ್ಲ. ಕೊಬ್ಬು ಫ್ರೀಜರಿನಲ್ಲೂ ಮುಗ್ಗಲಾಗುತ್ತದೆ. ತೆಂಗಿನತುರಿ ತಿಂಗಳು ಕಳೆದಮೇಲೆ ಒಂಥರಾ ವಾಸನೆ ಬರುತ್ತದಲ್ವಾ, ಅದೂ ಇದೇ.

ಇನ್ನು ನಾವೇ ಫ್ರೀಜ್ ಮಾಡಿದ್ದು. ಡಿಸೆಂಬರ್, ಜನವರಿಯಲ್ಲಿ ಮಾಗಡಿ ಕಡೆಯ ಅವರೆ ಬಂದಾಗ ಮನೆಯವರೆಲ್ಲ ಕೂತು ಸುಲಿಯುತ್ತೇವೆ. ಕಾಳನ್ನು ಹಸಿಯಾಗೇ ಫ್ರೀಜರಿಗೆ ತುರುಕುವವರು ತುಂಬಾ ಜನ. ಹಾಗೆ ಮಾಡಿದರೆ ಕಾಳಿನೊಳಗಿನ ಕಿಣ್ವಗಳು ತಂಪಿನಲ್ಲೂ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತವೆ. ಎರಡು ಮೂರು ತಿಂಗಳಲ್ಲಿ ಆ ಒಣಹುಲ್ಲಿನ ವಾಸನೆ ಬರುವುದು ಇದರಿಂದಲೇ. ನಾನು ದೊಡ್ಡ ಪಾತ್ರೆಯಲ್ಲಿ ನೀರು ತಳಮಳ ಕುದಿಸಿ, ಸ್ವಲ್ಪ ಸ್ವಲ್ಪವೇ ಕಾಳು ಹಾಕಿ, ಎಳೆಯದಾದರೆ ಎರಡು ನಿಮಿಷ, ಬಲಿತದ್ದಾದರೆ ಮೂರು ನಿಮಿಷ ಬಿಡುತ್ತೇನೆ. ಹಸಿ ಬಟಾಣಿಗೆ ಒಂದೂವರೆ ನಿಮಿಷ ಸಾಕು. ತಕ್ಷಣ ಐಸ್ ನೀರಿಗೆ ಹಾಕಿ ಪೂರ್ತಿ ತಣಿಸಿ, ಬಟ್ಟೆಯ ಮೇಲೆ ಹರಡಿ ನೀರು ಆರಿಸಬೇಕು. ತಟ್ಟೆಯಲ್ಲಿ ಒಂದೇ ಪದರ ಹರಡಿ ಗಟ್ಟಿಯಾದಮೇಲೆ ಜಿಪ್ ಕವರಿಗೆ ತುಂಬಿ, ಗಾಳಿ ಒತ್ತಿ ತೆಗೆದು, ಮಾರ್ಕರಿನಲ್ಲಿ ತಿಂಗಳು ಬರೆಯುತ್ತೇನೆ.

ಇಷ್ಟು ಮಾಡಿದರೂ ಫ್ಯಾಕ್ಟರಿಯದ್ದರಷ್ಟು ಗರಿಯಾಗಿ ಉಳಿಯುವುದಿಲ್ಲ. ಮನೆಯ ಫ್ರೀಜರ್ ನಿಧಾನ. ನಿಧಾನವಾಗಿ ಗಟ್ಟಿಯಾದರೆ ಐಸ್ ಹರಳು ದೊಡ್ಡದಾಗಿ ತರಕಾರಿಯ ಜೀವಕೋಶಗಳನ್ನು ಸೀಳಿಬಿಡುತ್ತದೆ. ಅವರೆಯ ಸೊಗಡಂತೂ ಮೊದಲ ತಿಂಗಳಲ್ಲೇ ಅರ್ಧ ಹೋಗಿರುತ್ತದೆ. ಹಾಗಾಗಿ ಹಿತಕಿದ ಬೇಳೆ ಸಾರಿಗೆ ಯುಗಾದಿವರೆಗೆ ಮಾತ್ರ, ಆಮೇಲೆ ಉಳಿದದ್ದು ಉಪ್ಪಿಟ್ಟಿಗೆ, ಹುಳಿಗೆ. ಎಂಟು ತಿಂಗಳು ದಾಟಲು ಬಿಡುವುದಿಲ್ಲ.

ಫೇಲಾದ ಪ್ಯಾಕೆಟ್ಟನ್ನು ಕವರ್ ಸಮೇತ ಕಸಕ್ಕೆ ಎಸೆಯಬೇಡಿ. ಕವರ್ ತೊಳೆದು ಒಣಕಸಕ್ಕೆ ಹಾಕುತ್ತೇನೆ. ತರಕಾರಿ ತಾರಸಿಯ ಮೇಲಿನ ಗೊಬ್ಬರದ ಕುಂಡಕ್ಕೆ. ಜೀವಕೋಶ ಮೊದಲೇ ಸೀಳಿರುವುದರಿಂದ ಹಸಿ ಸಿಪ್ಪೆಗಿಂತ ಬೇಗ ಕೊಳೆಯುತ್ತದೆ, ನೀರೂ ಜಾಸ್ತಿ ಬಿಡುತ್ತದೆ. ಮೇಲೆ ಎರಡು ಹಿಡಿ ತೆಂಗಿನ ನಾರಿನ ಪುಡಿಯೋ ಒಣ ಎಲೆಯೋ ಹಾಕಿದರೆ ವಾಸನೆ ಬರುವುದಿಲ್ಲ.