ಗೋಲ್‌ಕೀಪರ್‌ಗೆ ಎಂಟು ವರ್ಷದ ಕರಾರು ಬರೆಯುವ ಮುಂಚೆ

2018ರ ಸೆಪ್ಟೆಂಬರ್‌ನಲ್ಲಿ ನಾನು ಮಾಂಟ್ರಿಯಲ್ ಐಸ್ ಹಾಕಿ ತಂಡದ ಗೋಲ್‌ಕೀಪರ್ ಕೇರಿ ಪ್ರೈಸ್‌ಗೆ ಎಂಟು ವರ್ಷದ ಕರಾರು ಬರೆದುಕೊಟ್ಟೆ. ನಾಗವಾರದ ಟೆಕ್ ಪಾರ್ಕಿನ ಕ್ಯಾಂಟೀನಿನಲ್ಲಿ, ಟಿಶ್ಯೂ ಪೇಪರ್ ಮೇಲೆ. ನಮ್ಮ ಕ್ಲೈಂಟ್ ಮಾಂಟ್ರಿಯಲ್‌ನವರು. ಅವರ ಜೊತೆ ಮಾತಾಡೋಕೆ ಏನಾದರೂ ಬೇಕಲ್ವಾ ಅಂತ ಐಸ್ ಹಾಕಿ ನೋಡಲು ಶುರು ಮಾಡಿದೆವು. ಅಲ್ಲಿ ಸಂಜೆ ಏಳರ ಮ್ಯಾಚ್ ಚಳಿಗಾಲದಲ್ಲಿ ನಮಗೆ ಬೆಳಗ್ಗೆ ಐದೂವರೆ. "ಜಾರಿ ಬೀಳೋರನ್ನ ನೋಡೋಕೆ ಇಷ್ಟು ಬೇಗ ಏಳ್ತೀಯಲ್ಲೋ, ಹಾಲು ತರೋಕೆ ಎದ್ದೇಳು ಅಂದ್ರೆ ಏಳಲ್ಲ" ಅನ್ನುತ್ತಾರೆ ಅಮ್ಮ.

ಆಮೇಲೆ ಹತ್ತು ಜನ ಸೇರಿ, ನಿಜವಾದ ಆಟಗಾರರನ್ನು ಕಾಗದದ ಮೇಲೆ ಕೊಂಡುಕೊಳ್ಳುವ ಆಫೀಸ್ ಲೀಗ್ ಮಾಡಿಕೊಂಡೆವು. ನಿಯಮ ಹೆಚ್ಚುಕಮ್ಮಿ ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನದೇ. ಪ್ರತಿ ತಂಡಕ್ಕೂ ಸ್ಯಾಲರಿ ಕ್ಯಾಪ್, ಅಂದರೆ ಸಂಬಳದ ಒಟ್ಟು ಮಿತಿ. ಕರಾರು ಮುಗಿಯುವ ತನಕ ಆಟಗಾರ ನಿಮ್ಮ ಲೆಕ್ಕದಲ್ಲೇ ಇರುತ್ತಾನೆ. ಕೊನೇ ಸ್ಥಾನದವರು ಎಲ್ಲರಿಗೂ ಬೆಣ್ಣೆ ಮಸಾಲೆ ಕೊಡಿಸಬೇಕು. ನಾನು ನಾಲ್ಕು ಸಲ ಕೊಡಿಸಿದ್ದೇನೆ.

ಈ ಸಲ, ಅಂದರೆ 2025-26ರ ಸೀಸನ್ನಿಗೆ, ಹೊಸದಾಗಿ ಸೇರಿದ ಹುಡುಗರು ನ್ಯೂಯಾರ್ಕ್ ರೇಂಜರ್ಸ್ ಗೋಲ್‌ಕೀಪರ್ ಬಗ್ಗೆ ಕೇಳುತ್ತಿದ್ದಾರೆ, "ಸರ್, ಶೆಸ್ಟರ್ಕಿನ್‌ಗೆ ಅಷ್ಟು ದುಡ್ಡು ಕೊಡಬಹುದಾ?" ಬರೆದೇ ಬಿಡೋಣ ಅನ್ನಿಸಿತು. (ಆ ಕಡೆಯವರು ಗೋಲ್‌ಕೀಪರ್‌ಗೆ "ಗೋಲಿ" ಅಂತಾರೆ. ನಮಗೆ ಗೋಲಿ ಅಂದ್ರೆ ಜೇಬಲ್ಲಿ ಗಲಗಲ ಅನ್ನೋದು. ಹಾಗಾಗಿ ನಾನು ಗೋಲ್‌ಕೀಪರ್ ಅಂತಲೇ ಬರೆಯುತ್ತೇನೆ.)

ಡಾಲರ್ ನೋಡಿ ಗಾಬರಿ ಬೀಳಬೇಡಿ

ಪ್ರೈಸ್‌ಗೆ ಮಾಂಟ್ರಿಯಲ್ ಕೊಟ್ಟಿದ್ದು ಎಂಟು ವರ್ಷಕ್ಕೆ 8.4 ಕೋಟಿ ಡಾಲರ್. ವರ್ಷಕ್ಕೆ 1.05 ಕೋಟಿ. ಶೆಸ್ಟರ್ಕಿನ್‌ಗೆ ನ್ಯೂಯಾರ್ಕ್ ರೇಂಜರ್ಸ್ 2024ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿದ್ದು ಎಂಟು ವರ್ಷಕ್ಕೆ 9.2 ಕೋಟಿ, ವರ್ಷಕ್ಕೆ 1.15 ಕೋಟಿ. ಶೆಸ್ಟರ್ಕಿನ್ ದುಬಾರಿ ಅನ್ನಿಸುತ್ತೆ. ಆದರೆ ಮೊದಲು ಕ್ಯಾಪಿನಲ್ಲಿ ಶೇಕಡಾ ಎಷ್ಟು ಅಂತ ಲೆಕ್ಕ ಹಾಕಿ. ಪ್ರೈಸ್ ಕರಾರು ಶುರುವಾದಾಗ ಕ್ಯಾಪ್ 7.95 ಕೋಟಿ. ಅದರಲ್ಲಿ ಅವನ ಪಾಲು ಶೇ. 13.2. ಶೆಸ್ಟರ್ಕಿನ್ ಕರಾರು ಶುರುವಾಗುವ 2025-26ರಲ್ಲಿ ಕ್ಯಾಪ್ 9.55 ಕೋಟಿ, ಪಾಲು ಶೇ. 12. ಲೀಗ್ ಹೇಳಿರುವ ಪ್ರಕಾರ ಮುಂದಿನ ಎರಡು ವರ್ಷ ಕ್ಯಾಪ್ 10.4 ಮತ್ತು 11.35 ಕೋಟಿಗೆ ಏರಿದರೆ ಅದು ಶೇ. 10ರ ಹತ್ತಿರ ಇಳಿಯುತ್ತೆ.

ಪ್ರೈಸ್ ವಿಷಯದಲ್ಲೂ ಹಾಗೇ ಇಳಿಯುತ್ತೆ ಅಂದುಕೊಂಡಿದ್ದೆ. ಕೋವಿಡ್ ಬಂತು. ಕ್ಯಾಪ್ ಮೂರು ಸೀಸನ್ 8.15 ಕೋಟಿಯಲ್ಲೇ ಕೂತುಬಿಟ್ಟಿತು.

ಒಬ್ಬ ಒಳ್ಳೆ ಗೋಲ್‌ಕೀಪರ್ ಎಷ್ಟು ಗೋಲ್ ಉಳಿಸುತ್ತಾನೆ?

ಇಲ್ಲಿ ಸ್ವಲ್ಪ ಕೂತು ಲೆಕ್ಕ ಮಾಡಬೇಕು. ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

ಮುಖ್ಯ ಗೋಲ್‌ಕೀಪರ್ ಸೀಸನ್ನಿಗೆ 55 ಮ್ಯಾಚ್ ಆಡುತ್ತಾನೆ ಅಂತಿಟ್ಟುಕೊಳ್ಳಿ. ಮ್ಯಾಚಿಗೆ 28 ಹೊಡೆತ. ಒಟ್ಟು 1540. ನೂರಕ್ಕೆ 90 ತಡೆಯುವವನು 154 ಗೋಲ್ ಬಿಡುತ್ತಾನೆ. 2024-25ರಲ್ಲಿ ಇಡೀ ಲೀಗಿನ ಸರಾಸರಿ ಸುಮಾರು ಅಷ್ಟೇ ಇತ್ತು. ನೂರಕ್ಕೆ 91 ತಡೆಯುವವನು 139 ಬಿಡುತ್ತಾನೆ. ವ್ಯತ್ಯಾಸ 15 ಗೋಲ್. ಆರು ಗೋಲಿಗೆ ಒಂದು ಗೆಲುವು ಅಂತ ಒರಟು ಲೆಕ್ಕ ಇಟ್ಟರೆ ಎರಡೂವರೆ ಗೆಲುವು, ಐದು ಪಾಯಿಂಟ್. 82 ಮ್ಯಾಚಿನ ಸೀಸನ್ನಿನಲ್ಲಿ ಐದು ಪಾಯಿಂಟ್ ಅಂದರೆ ಪ್ಲೇಆಫ್ ಒಳಗೋ ಹೊರಗೋ ಅನ್ನುವಷ್ಟು. ಸಣ್ಣದಲ್ಲ.

ಈಗ ಅದೃಷ್ಟದ ಮಾತು. ನಿಜವಾಗಿ ನೂರಕ್ಕೆ 91 ತಡೆಯುವ ತಾಕತ್ತಿರುವವನೇ ಆದರೂ, 1540 ಹೊಡೆತದಲ್ಲಿ ಸುಮ್ನೆ ಅದೃಷ್ಟದಿಂದಲೇ 11 ಗೋಲ್ ಆಚೆ ಈಚೆ ಆಗುತ್ತೆ. ಮೂರು ಸೀಸನ್ನಿನಲ್ಲಿ ಒಂದರಲ್ಲಿ ಅದಕ್ಕಿಂತಲೂ ಜಾಸ್ತಿ. ನೀವು ದುಡ್ಡು ಕೊಡುತ್ತಿರುವುದು 15 ಗೋಲಿಗೆ, ಅದೃಷ್ಟದ ಏರಿಳಿತ 11. ಒಂದೇ ಸೀಸನ್ ನೋಡಿ ಕರಾರು ಬರೆದರೆ ಅದೃಷ್ಟಕ್ಕೇ ಸಂಬಳ ಕೊಟ್ಟ ಹಾಗೆ. ಕಡೇಪಕ್ಷ ಮೂರು ಸೀಸನ್ ಒಟ್ಟಿಗೆ ಸೇರಿಸಿ ನೋಡಿ.

ಅದೂ ಬರೀ ಸೇವ್ ಶೇಕಡಾ, ಅಂದರೆ ನೂರಕ್ಕೆ ಎಷ್ಟು ತಡೆದ ಅನ್ನುವುದನ್ನಷ್ಟೇ ನೋಡಬೇಡಿ. ನಾನು ಕಾಲೇಜಿನಲ್ಲಿದ್ದಾಗ ಅಕ್ಕಿತಿಮ್ಮನಹಳ್ಳಿ ಹಾಕಿ ಸ್ಟೇಡಿಯಮ್ಮಿನಲ್ಲಿ ಪ್ಯಾಡ್ ಕಟ್ಟಿ ನಿಂತವನು. ಒಂದು ಟೂರ್ನಿಯಲ್ಲಿ ನನಗೆ "ಉತ್ತಮ ಗೋಲ್‌ಕೀಪರ್" ಕಪ್ ಬಂತು. ನಿಜ ಹೇಳಬೇಕಂದ್ರೆ ಅದು ನಮ್ಮ ರೈಟ್ ಬ್ಯಾಕ್‌ಗೆ ಸಿಗಬೇಕಿತ್ತು. ಮಡಿಕೇರಿ ಕಡೆಯ ಹುಡುಗ. ಎದುರಾಳಿ ಎಷ್ಟೇ ಜೋರಾಗಿ ಬಂದರೂ ಅವನನ್ನು ಬೇಸ್‌ಲೈನ್ ಕಡೆ ತಳ್ಳಿಕೊಂಡು ಹೋಗಿ, ಕೋನವೇ ಸಿಗದ ಜಾಗದಿಂದ ಹೊಡೆಸುತ್ತಿದ್ದ. ನಾನು ಕಂಬಕ್ಕೆ ಅಂಟಿಕೊಂಡು ನಿಂತರೆ ಸಾಕಿತ್ತು. ಮುಂದಿನ ವರ್ಷ ಅವನು ಕಾಲೇಜು ಬಿಟ್ಟ. ನನಗೆ ಯಾವ ಕಪ್ಪೂ ಬರಲಿಲ್ಲ.

ಎನ್‌ಎಚ್‌ಎಲ್‌ನಲ್ಲಿ ಇದಕ್ಕೊಂದು ಲೆಕ್ಕ ಇದೆ. ಪ್ರತಿ ಹೊಡೆತ ಎಲ್ಲಿಂದ ಬಂತು, ಎಂಥದ್ದು ಅಂತ ನೋಡಿ, ಸಾಧಾರಣ ಗೋಲ್‌ಕೀಪರ್ ಎಷ್ಟು ಗೋಲ್ ಬಿಡುತ್ತಿದ್ದ ಅಂತ ಅಂದಾಜು ಮಾಡುತ್ತಾರೆ. ಅದಕ್ಕಿಂತ ನಿಮ್ಮವನು ಎಷ್ಟು ಕಮ್ಮಿ ಬಿಟ್ಟ ಅನ್ನುವುದೇ ಅವನ ನಿಜವಾದ ಕೆಲಸ. ನನಗೆ ಮೊದಲು ಬೇಕಾದ ಅಂಕಿ ಅದು.

ಮಂಡಿ

ನಾವು ಹುಲ್ಲಿನ ಮೇಲೆ, ಟರ್ಫ್ ಮೇಲೆ ಆಡುವವರು ಹೆಚ್ಚಾಗಿ ನಿಂತೇ ತಡೆಯುತ್ತೇವೆ. ಐಸ್ ಹಾಕಿಯಲ್ಲಿ ಬಟರ್‌ಫ್ಲೈ ಅಂತ ಒಂದು ವರಸೆ. ಎರಡೂ ಮಂಡಿ ಒಟ್ಟಿಗೆ ಐಸ್‌ಗೆ ಬಡಿದು, ಕಾಲುಗಳನ್ನು ಎರಡೂ ಬದಿಗೆ ಚಾಚಿ ಕೆಳಗಿನ ಜಾಗ ಮುಚ್ಚುವುದು. ಬೀಳು, ಏಳು, ಮತ್ತೆ ಬೀಳು. ಮಂಡಿ, ಸೊಂಟದ ಕೀಲು, ತೊಡೆಸಂದು ಎಲ್ಲ ಸವೆಯುತ್ತೆ. ನಿಂತು ಆಡಿದ ನನಗೇ ಮೆಟ್ರೋ ಮೆಟ್ಟಿಲು ಇಳಿಯುವಾಗ ಎಡಮಂಡಿ ಕಟಕಟ ಅನ್ನುತ್ತೆ.

ಆದ್ದರಿಂದ ಕರಾರಿನ ಮೊದಲ ವರ್ಷದ ವಯಸ್ಸನ್ನಲ್ಲ, ಕೊನೇ ಮೂರು ವರ್ಷದ ವಯಸ್ಸನ್ನು ಬರೆದುಕೊಳ್ಳಿ. ಟ್ಯಾಂಪಾ ಬೇ ತಂಡ ವಸಿಲೆವ್‌ಸ್ಕಿಗೆ ವರ್ಷಕ್ಕೆ 95 ಲಕ್ಷದ ಎಂಟು ವರ್ಷ ಬರೆದಾಗ ಅವನಿಗೆ 25. ಕರಾರಿನ ಮೊದಲ ಸೀಸನ್ನಿನಲ್ಲೇ, 2021ರಲ್ಲಿ, ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್. ಫೈನಲ್‌ನಲ್ಲಿ ಸೋತವನು ಯಾರು ಗೊತ್ತಾ? ನನ್ನ ಪ್ರೈಸ್. ಅವನ ಕರಾರು ಶುರುವಾಗಿದ್ದೇ 31ರಲ್ಲಿ. ಆ ಫೈನಲ್ ಆದಮೇಲೆ ಮಂಡಿ ನೋವಿನಿಂದ ಅವನು ಆಡಿದ್ದು ಐದೇ ಮ್ಯಾಚ್. ಕರಾರು ಮಾತ್ರ 2026ರ ತನಕ.

ಮಾಂಟ್ರಿಯಲ್‌ಗೆ ದೀರ್ಘ ಗಾಯದ ಪಟ್ಟಿ ಅಂತ ಒಂದು ದಾರಿ ಇತ್ತು. ಅದರಲ್ಲಿ ಹಾಕಿದರೆ ಅಷ್ಟರ ಮಟ್ಟಿಗೆ ಕ್ಯಾಪ್ ಮೀರಬಹುದು. ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ ಒಂದು ಡ್ರಾಫ್ಟ್ ಪಿಕ್ (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ) ಜೊತೆಗೆ ಸೇರಿಸಿ, ಕರಾರನ್ನು ಸ್ಯಾನ್ ಹೋಸೆ ತಂಡಕ್ಕೆ ದಾಟಿಸಿದರು. ನಮ್ಮ ಆಫೀಸ್ ಲೀಗಿನಲ್ಲಿ ಗಾಯದ ಪಟ್ಟಿ ಇಲ್ಲ. ನಿಯಮ ಬರೆದವನು ನಾನೇ.

ಹೊರಗೆ ಬರುವ ಬಾಗಿಲು

ಬೆಂಗಳೂರಲ್ಲಿ ಮನೆ ಬಾಡಿಗೆಗೆ ಹಿಡಿದವರಿಗೆ ಇದು ಗೊತ್ತು. ಹನ್ನೊಂದು ತಿಂಗಳ ಅಗ್ರಿಮೆಂಟಲ್ಲೂ ಖಾಲಿ ಮಾಡುವ ಷರತ್ತು ಮೊದಲು ಓದುತ್ತೇವೆ. ಹಾಗೇ ಇಲ್ಲೂ ಬೈಔಟ್, ಅಂದರೆ ದುಡ್ಡು ಕೊಟ್ಟು ಕರಾರು ಮುರಿಯುವ ಷರತ್ತು ಓದಿ. 26 ದಾಟಿದ ಆಟಗಾರನನ್ನು ಕಳಿಸಬೇಕಂದ್ರೆ ಬಾಕಿ ಸಂಬಳದ ಮೂರರಲ್ಲಿ ಎರಡು ಪಾಲನ್ನು, ಉಳಿದ ವರ್ಷದ ಎರಡರಷ್ಟು ಕಾಲ ಕೊಡಬೇಕು. ಸೈನಿಂಗ್ ಬೋನಸ್ (ಸಹಿ ಹಾಕಿದ್ದಕ್ಕೆ ಕೊಡುವ ದುಡ್ಡು) ಅಂತ ಬರೆದ ಹಣಕ್ಕೆ ಆ ರಿಯಾಯಿತಿಯೂ ಇಲ್ಲ. ಪ್ರೈಸ್‌ದು ಬಹುಪಾಲು ಬೋನಸ್ಸೇ. ಏಜೆಂಟರೇನು ದಡ್ಡರಾ?

ನ್ಯೂಯಾರ್ಕ್ ಐಲ್ಯಾಂಡರ್ಸ್ 2006ರಲ್ಲಿ ತನ್ನ ಗೋಲ್‌ಕೀಪರ್ ರಿಕ್ ಡಿಪಿಯೆಟ್ರೊಗೆ 15 ವರ್ಷ ಬರೆದುಕೊಟ್ಟಿತ್ತು. ಗಾಯದ ಮೇಲೆ ಗಾಯ. 2013ರಲ್ಲಿ ಬೈಔಟ್ ಮಾಡಿದರು. 2029ರ ತನಕ ವರ್ಷಕ್ಕೆ 15 ಲಕ್ಷ ಡಾಲರ್ ಕೊಡುತ್ತಲೇ ಇರಬೇಕು. ಅದೇ 2013ರಲ್ಲಿ ಲೀಗ್ ಕರಾರಿಗೆ ಎಂಟು ವರ್ಷದ ಮಿತಿ ಹಾಕಿತು. 2026ರ ಸೆಪ್ಟೆಂಬರ್‌ನಿಂದ ಅದು ಏಳು ವರ್ಷ.

ಆದರೆ ಬೊಬ್ರೊವ್‌ಸ್ಕಿ?

ನನ್ನ ವಾದಕ್ಕೆ ಉತ್ತರ ನನ್ನ ಪಕ್ಕದ ಡೆಸ್ಕಿನಲ್ಲೇ ಇದೆ. ಹಾಸನದ ಹುಡುಗಿ. 2019ರಲ್ಲಿ ಫ್ಲೋರಿಡಾ ತಂಡ ಗೋಲ್‌ಕೀಪರ್ ಬೊಬ್ರೊವ್‌ಸ್ಕಿಗೆ ಏಳು ವರ್ಷಕ್ಕೆ 7 ಕೋಟಿ ಕೊಟ್ಟಾಗ, ಇವಳೂ ನಮ್ಮ ಲೀಗಿನಲ್ಲಿ ಏಳು ವರ್ಷ ಬರೆದಳು. ಎಲ್ಲರೂ ನಕ್ಕೆವು. ಮೊದಲ ಸೀಸನ್ ಅವನು ನೂರಕ್ಕೆ 90. 2023ರ ಪ್ಲೇಆಫ್ ಶುರುವಾದಾಗ ಬೆಂಚಿನ ಮೇಲೆ ಕೂತಿದ್ದ. ಅಲ್ಲಿಂದ ಎದ್ದು ಬಂದವನು ತಂಡವನ್ನು ಫೈನಲ್‌ಗೆ ಒಯ್ದ. 2024ರಲ್ಲಿ ಮತ್ತೆ ಫೈನಲ್. ಮೂರು ಮ್ಯಾಚ್ ಗೆದ್ದರು. ನಾಲ್ಕನೆಯದರಲ್ಲಿ ಐದು ಗೋಲ್ ಬಿಟ್ಟ ಮೇಲೆ ಅವನನ್ನು ಹೊರಗೆ ಕರೆಸಿದರು, 8-1ರ ಸೋಲು. ಇನ್ನೂ ಎರಡು ಸೋತರು. ಏಳನೆಯದು ನಮಗೆ ಜೂನ್ 25ರ ಬೆಳಗ್ಗೆ. ಅವನು ಒಂದೇ ಗೋಲ್ ಬಿಟ್ಟ. 2-1. ಮುಂದಿನ ವರ್ಷ, 36ನೇ ವಯಸ್ಸಲ್ಲಿ, ಮತ್ತೆ ಕಪ್. ನಮ್ಮ ಶ್ರೀಜೇಶ್ ಪ್ಯಾರಿಸ್‌ನಲ್ಲಿ ಕಂಚು ಗೆದ್ದಾಗಲೂ 36.

"ಈಗ ಹೇಳಿ ಸರ್, ಲಾಸಾ?" ಅಂತ ಅವಳು ಕೇಳಿದಳು.

ನಾಲ್ಕು ವರ್ಷ ಲಾಸ್, ಆಮೇಲೆ ಎರಡು ಕಪ್. ಯಾವ ಓನರ್ ಬೇಡ ಅಂತಾನೆ? ಆದರೆ ಅವನ ಮುಂದೆ ನಾಯಕ ಬಾರ್ಕೊವ್‌ನಂಥವರಿರುವ ಗಟ್ಟಿ ತಂಡ ಇತ್ತು. 2023ರಲ್ಲಿ ಅದೇ ಫ್ಲೋರಿಡಾವನ್ನು ಸೋಲಿಸಿದ ವೇಗಸ್‌ನ ಗೋಲ್‌ಕೀಪರ್ ಏಡಿನ್ ಹಿಲ್, ವರ್ಷಕ್ಕೆ 21.75 ಲಕ್ಷದವನು. ತಂಡ ಗಟ್ಟಿಯಿದ್ದರೆ ಅಗ್ಗದವನೂ ಗೆಲ್ಲಿಸುತ್ತಾನೆ. ಗಟ್ಟಿಯಿಲ್ಲದಿದ್ದರೆ ಬಾಸ್ಟನ್‌ನ ಸ್ವೇಮನ್ ಕಥೆ. ಎಂಟು ವರ್ಷಕ್ಕೆ 6.6 ಕೋಟಿ, ಮೊದಲ ಸೀಸನ್ನಿನಲ್ಲೇ ನೂರಕ್ಕೆ 89.2, ತಂಡ ಪ್ಲೇಆಫ್‌ನಿಂದ ಹೊರಗೆ.

ಹಾಗಾದರೆ ಯಾರಿಗೆ ಕೊಡಬಹುದು? 25-26ರವನಿಗೆ ಧಾರಾಳವಾಗಿ ಎಂಟು ವರ್ಷ. 30 ದಾಟಿದವನಿಗೆ, ಮೂರು ಸೀಸನ್ ಲೆಕ್ಕ ಚೆನ್ನಾಗಿದ್ದು, ಕ್ಯಾಪಿನ ಶೇ. 10ರೊಳಗೆ ಸಿಕ್ಕರೆ ಮಾತ್ರ. ವಿನ್ನಿಪೆಗ್‌ನ ಹೆಲ್ಲಿಬಕ್ ಹಾಗೆ ಸಿಕ್ಕವನು. ವರ್ಷಕ್ಕೆ 85 ಲಕ್ಷ, ಶೇ. 9.7. ಮೊದಲ ಸೀಸನ್ನಿನಲ್ಲೇ ಲೀಗಿನ ಅತ್ಯುತ್ತಮ ಆಟಗಾರನ ಹಾರ್ಟ್ ಟ್ರೋಫಿ. ಆದರೂ ಅದೇ ವರ್ಷದ ಪ್ಲೇಆಫ್‌ನಲ್ಲಿ ಸೇಂಟ್ ಲೂಯಿ ಎದುರು ಮೂರು ಮ್ಯಾಚಿನಲ್ಲಿ ಅವನನ್ನು ನಡುವೆಯೇ ಹೊರಗೆ ಕರೆಸಿದರು. ಈ ಕೆಲಸವೇ ಹಾಗೆ.

ಕರಾರು ಶುರುವಾಗುವಾಗ ಶೆಸ್ಟರ್ಕಿನ್‌ಗೆ 29. ಸಂಬಳ ಜಾಸ್ತಿಯಾದರೂ ನಾನು ಒಪ್ಪುತ್ತೇನೆ, ಐದು ವರ್ಷಕ್ಕೆ. ಎಂಟಕ್ಕೆ ಇಲ್ಲ.

ಶನಿವಾರ ನಮ್ಮ ಡ್ರಾಫ್ಟ್, ಆಟಗಾರರನ್ನು ಆರಿಸಿಕೊಳ್ಳುವ ದಿನ. ಅವನ ಹೆಸರು ಬಂದಾಗ ನಾನು ಕೈ ಎತ್ತುವ ಹಾಗೂ ಇಲ್ಲ. ನನ್ನ ಕ್ಯಾಪಿನಲ್ಲಿ ಪ್ರೈಸ್ ಇನ್ನೊಂದು ವರ್ಷ 1.05 ಕೋಟಿ ತಿಂದುಕೊಂಡು ಕೂತಿರುತ್ತಾನೆ.