ಒದ್ದೆ ಕೊಡೆಯಿಂದ ಎರಡು ವಾರದ ಪಾಠ ಕಟ್ಟುವುದು ಹೇಗೆ?

ಜೂನ್ ಬಂತೆಂದರೆ ಉಡುಪಿಯ ಶಾಲೆಗಳ ಜಗಲಿ ತುಂಬ ಕೊಡೆಗಳು. ನೀರಿಳಿದು ನೆಲ ಜಾರುತ್ತದೆ, ಸಂಜೆ ಯಾರ ಕೊಡೆ ಯಾರ ಕೈಯಲ್ಲೋ. ಇದು ಮಕ್ಕಳದ್ದೇ ತೊಂದರೆ, ಅವರೇ ದಾರಿ ಹುಡುಕಲಿ ಅಲ್ವಾ? ಡಿಸೈನ್ ಥಿಂಕಿಂಗ್, ಅಂದರೆ ಬಳಸುವವರ ಕಷ್ಟದಿಂದ ಹೊರಟು ಪರಿಹಾರ ಹುಡುಕುವ ವಿಧಾನ, ಇಲ್ಲಿಂದಲೇ ಶುರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿನ್ಯಾಸ ಸಂಸ್ಥೆ ಡಿ.ಸ್ಕೂಲ್ ಹೇಳುವ 5 ಹಂತಗಳಿವೆ: ಬಳಸುವವರ ಕಷ್ಟ ಅರಿಯುವುದು, ಸಮಸ್ಯೆ ಯಾವುದೆಂದು ಗೊತ್ತುಮಾಡುವುದು, ಉಪಾಯ ಯೋಚಿಸುವುದು, ಮಾದರಿ ಮಾಡುವುದು, ಪರೀಕ್ಷಿಸುವುದು.

ಏಳನೇ ಕ್ಲಾಸಿಗೆ 8 ಪೀರಿಯಡ್ ಇಟ್ಟುಕೊಳ್ಳಿ. ಮೊದಲು ಪಠ್ಯದ ಜೊತೆ ಜೋಡಿಸಿ. ಗಣಿತಕ್ಕೆ ಅಳತೆ, ಸರಾಸರಿ. ವಿಜ್ಞಾನಕ್ಕೆ ನೀರು ಆವಿಯಾಗುವುದು. ಕನ್ನಡಕ್ಕೆ ಸಂದರ್ಶನ. ಇದನ್ನು ಬಿಟ್ಟರೆ ಸುಮ್ನೆ ಕ್ರಾಫ್ಟ್ ಕ್ಲಾಸ್ ಆಗುತ್ತದೆ.

ಮೊದಲ 2 ಪೀರಿಯಡ್ ಬರೀ ಕೇಳುವುದಕ್ಕೆ. ಚಿಕ್ಕ ಮಕ್ಕಳನ್ನು, ಜಗಲಿಯಲ್ಲೇ ಪಾತ್ರೆ ಹೊತ್ತು ಓಡಾಡುವ ಬಿಸಿಯೂಟದ ಅಕ್ಕನನ್ನು ಮಾತಾಡಿಸಲಿ. "ಕೊಡೆ ಇಡಲು ಸ್ಟ್ಯಾಂಡ್ ಬೇಕಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ಇವತ್ತು ಬಂದ ಕೂಡಲೇ ಕೊಡೆ ಏನು ಮಾಡಿದೆ?" ಅಂತ ಕೇಳಬೇಕು. ನನ್ನ ಕ್ಲಾಸಿನವರು ಸ್ಟ್ಯಾಂಡಿನ ಚಿತ್ರ ಬರೆದು ಮುಗಿಸಿದ್ದರು. ಆಗ ಒಂದನೇ ಕ್ಲಾಸಿನ ಹುಡುಗಿಯೊಬ್ಬಳು, "ಕೊಕ್ಕೆ ನನಗೆ ಎಟಕುವುದಿಲ್ಲ, ಅದಕ್ಕೆ ನೆಲದಲ್ಲಿ ಇಡುವುದು" ಅಂದಳು. ಕೊಕ್ಕೆ ಮೊದಲೇ ಇತ್ತು! ಸಮಸ್ಯೆ ಇದ್ದದ್ದು ಎತ್ತರದಲ್ಲಿ.

ಮೂರನೇ ಪೀರಿಯಡ್‌ನಲ್ಲಿ ಆ ಸಮಸ್ಯೆಯನ್ನು ಒಂದೇ ವಾಕ್ಯದಲ್ಲಿ ಬೋರ್ಡ್ ಮೇಲೆ ಬರೆಸಿ. ನಾಲ್ಕನೆಯದರಲ್ಲಿ ಉಪಾಯ. ಮೊದಲು 5 ನಿಮಿಷ ಒಬ್ಬೊಬ್ಬರೇ ಬರೆಯಲಿ, ಆಮೇಲೆ ಗುಂಪು. ಇಲ್ಲದಿದ್ದರೆ ಜೋರು ಬಾಯಿಯವರ ಮಾತೇ ನಡೆಯುತ್ತದೆ.

ಮಾದರಿಗೆ 2 ಪೀರಿಯಡ್. ಏನೂ ಕೊಳ್ಳಬೇಡಿ. ರಟ್ಟು, ಗೋಣಿ ದಾರ, ಹಳೆ ಪೈಪ್ ತುಂಡು, ಕೆಳಗೆ ನೀರು ಹಿಡಿಯಲು ಅಡಿಕೆ ಹಾಳೆ. ಹಾಳೆಯಲ್ಲಿ ನಿಂತ ನೀರನ್ನು ಅಳತೆ ಜಾರ್‌ಗೆ ಸುರಿದು 10 ಕೊಡೆಗಳ ಸರಾಸರಿ ತೆಗೆಯಲಿ. ಒಂದು ಕೊಡೆ ಬಿಡಿಸಿಟ್ಟು, ಇನ್ನೊಂದು ಮಡಚಿಟ್ಟು, ಯಾವುದು ಬೇಗ ಒಣಗುತ್ತದೆ ನೋಡಲಿ. ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ಜಾಸ್ತಿ, ಅದಕ್ಕೆ ಎರಡೂ ನಿಧಾನ ಅನ್ನುವುದು ಆಗ ಕೈಗೇ ಗೊತ್ತಾಗುತ್ತದೆ.

ಕೊನೆಯ 2 ಪೀರಿಯಡ್ ಪರೀಕ್ಷೆಗೆ ಮತ್ತು ತಿದ್ದುವುದಕ್ಕೆ. ಸಿಲೆಬಸ್ ಅವಸರದಲ್ಲಿ ನಾವು ಕತ್ತರಿಸುವುದೇ ಇದನ್ನು, ದಯವಿಟ್ಟು ಕತ್ತರಿಸಬೇಡಿ. "ಟೀಚರೇ, ಇದು ಸರಿ ಉಂಟಾ?" ಅಂತ ಬಂದರೆ ಉತ್ತರ ಹೇಳಬೇಡಿ, ಒಂದನೇ ಕ್ಲಾಸಿನವರ ಕೈಗೆ ಕೊಟ್ಟು ನೋಡಲು ಕಳಿಸಿ. ಅಂಕವನ್ನು ಮಾದರಿಯ ಚೆಂದಕ್ಕೆ ಕೊಡಬೇಡಿ. ಮೊದಲು ಏನಿತ್ತು, ಯಾರ ಮಾತು ಕೇಳಿ ಏನು ಬದಲಾಯಿತು ಅಂತ ನೋಟ್‌ಬುಕ್‌ನಲ್ಲಿ ಬರೆದದ್ದಕ್ಕೆ ಕೊಡಿ.

ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಹಾಗಾಗಿ ಇನ್ನೆರಡು ಪೀರಿಯಡ್ ಕೈಯಲ್ಲಿರಲಿ.