ಗುಂಡಿ ಡಬ್ಬಿ

ನನ್ನ ಮಗ ಪುಟ್ಟನ ಕೈಗೆ ಮೊದಲು ಮೊಬೈಲ್ ಕೊಟ್ಟವಳು ನಾನೇ. ತಿಪಟೂರಿನಲ್ಲಿ ಮನೆಯ ಮುಂದಿನ ರೂಮಿನಲ್ಲೇ ನನ್ನ ಹೊಲಿಗೆ ಕೆಲಸ. ಗೌರಿ ಹಬ್ಬ ಹತ್ತಿರ ಬಂತೆಂದರೆ 30–40 ಬ್ಲೌಸ್ ಪೀಸು ಒಟ್ಟಿಗೇ ಬಂದು ಬೀಳುತ್ತವೆ. ಎಲ್ಲರಿಗೂ ಹಬ್ಬದ ಹಿಂದಿನ ದಿನವೇ ಬೇಕು. ಅಂಥ ಹೊತ್ತಿನಲ್ಲಿ ಮೂರು ವರ್ಷದ ಹುಡುಗ ಬಂದು ಮೆಷಿನ್ನಿನ ಪೆಡಲ್ ಮೇಲೆ ಕೂತರೆ ಏನು ಮಾಡುವುದು? ಫೋನಿನಲ್ಲಿ ಹಾಡು ಹಾಕಿ ಕೈಗೆ ಕೊಟ್ಟೆ. ಮನೆ ತಣ್ಣಗಾಯಿತು. ಹಬ್ಬ ಮುಗಿಯಿತು, ಫೋನ್ ಮಾತ್ರ ವಾಪಸ್ ಬರಲಿಲ್ಲ.

ಒಂದು ವರ್ಷ ಹಾಗೇ ಹೋಯಿತು. ಊಟಕ್ಕೆ ಫೋನು, ತಲೆ ಬಾಚೋಕೆ ಫೋನು. ಹೇಗೂ ಕಲೀತಿದ್ದಾನಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಇಪ್ಪತ್ತರವರೆಗೆ ಇಂಗ್ಲಿಷಿನಲ್ಲಿ ಗಡಗಡ ಹೇಳುತ್ತಿದ್ದ. ಒಂದು ದಿನ ನಮ್ಮತ್ತೆ ಅಡುಗೆಮನೆಯಿಂದ, "ಆರು ಒಣಮೆಣಸಿನಕಾಯಿ ತಗೊಂಡ್ ಬಾ ಮಗಾ" ಅಂದರು. ಪುಟ್ಟ ಎರಡೂ ಕೈಯಲ್ಲಿ ಬಾಚಿಕೊಂಡು ಬಂದ. "ಸಿಕ್ಸ್ ಕಣೋ, ಸಿಕ್ಸ್" ಅಂದೆ. ಇನ್ನೊಂದಷ್ಟು ಬಾಚಿ ತಂದ. ಅವನಿಗೆ ಸಿಕ್ಸ್ ಅಂದರೆ ಹಾಡಿನಲ್ಲಿ ಫೈವ್ ಆದಮೇಲೆ ಬರುವ ಶಬ್ದ, ಅಷ್ಟೇ.

ಅದೇ ತಿಂಗಳು ಜ್ವರ ಅಂತ ತೋರಿಸೋಕೆ ಹೋದಾಗ ಡಾಕ್ಟರು ಸುಮ್ನೆ ಮಾತಿಗೆ ಕೇಳಿದರು, "ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ನೋಡ್ತಾನೆ?" ಒಂದು ಗಂಟೆ ಅಂದೆ. ಸುಳ್ಳು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಒಂದು ಗಂಟೆಯೇ ಮಿತಿ, ಅದಕ್ಕಿಂತ ಕಡಿಮೆ ಆದಷ್ಟೂ ಒಳ್ಳೆಯದು ಅಂದರು. ನಾನು ತಲೆ ಆಡಿಸಿದೆ. ನಮ್ಮ ಮನೆಯಲ್ಲಿ ಆಗ ನಾಲ್ಕು ಗಂಟೆ ನಡೀತಿತ್ತು.

ಮನೆಗೆ ಬಂದವಳೇ ಟೈಂಟೇಬಲ್ ಬರೆದು ಗೋಡೆಗೆ ಅಂಟಿಸಿದೆ. ಆನ್‌ಲೈನಿನಲ್ಲಿ ಮರದ ಅಕ್ಷರಗಳು, ಹಣ್ಣು ತರಕಾರಿಯ ಕಾರ್ಡು ಎಲ್ಲ ತರಿಸಿದೆ. ಕಾರ್ಡು ಹಿಡಿದು "ಇದೇನು? ಇದೇನು?" ಅಂತ ಕೇಳುತ್ತಾ ಕೂತೆ. ಮೂರನೇ ದಿನ ಪುಟ್ಟ ಆ ಕಾರ್ಡುಗಳನ್ನೆಲ್ಲ ಮಂಚದ ಕೆಳಗೆ ತಳ್ಳಿದ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ.

ಕೊನೆಗೆ ದಾರಿ ಸಿಕ್ಕಿದ್ದು ಕರೆಂಟ್ ಹೋದ ಒಂದು ಮಧ್ಯಾಹ್ನ. ಫೋನ್ ಚಾರ್ಜ್ ಮುಗಿದಿತ್ತು. ನನ್ನ ಮೆಷಿನ್ನಿಗೂ ಮೋಟರ್ ಹಾಕಿಸಿದ್ದರಿಂದ ಕೆಲಸ ನಿಂತಿತ್ತು. ಹಳೇ ಶರ್ಟುಗಳಿಂದ ಬಿಚ್ಚಿಟ್ಟ ಗುಂಡಿಗಳ ಒಂದು ಬಿಸ್ಕತ್ ಡಬ್ಬಿ ಇತ್ತು. ಅದನ್ನ ಚಾಪೆ ಮೇಲೆ ಸುರಿದೆ. ಬಣ್ಣ ನೋಡಿ ಬೇರೆ ಮಾಡುತ್ತಾನೆ ಅಂದುಕೊಂಡಿದ್ದೆ. ಅವನು ಒಂದೊಂದನ್ನೇ ಕಣ್ಣಿನ ಹತ್ತಿರ ಹಿಡಿದು ನೋಡಿ ತೂತಿನ ಲೆಕ್ಕದಲ್ಲಿ ಗುಡ್ಡೆ ಹಾಕತೊಡಗಿದ. ಎರಡು ತೂತಿನದ್ದು ಹಂದಿ ಮೂಗು. ನಾಲ್ಕು ತೂತಿನದ್ದು ಬೋಂಡಾ ತೆಗೆಯೋ ಜಾಲರಿ. ಕೆಲವು ಕೋಟಿನ ಗುಂಡಿಗೆ ಮೇಲೆ ತೂತೇ ಇರಲ್ಲ, ಹಿಂದೆ ಒಂದು ಕೊಂಡಿ ಇರುತ್ತೆ. ಅದನ್ನ ತಿರುಗಿಸಿ ತಿರುಗಿಸಿ ನೋಡಿ "ಇದಕ್ಕೆ ಬೆನ್ನಲ್ಲಿ ಮೂಗು" ಅಂದ. ಮುಕ್ಕಾಲು ಗಂಟೆ ಕೂತಿದ್ದ. ನನಗೆ ಖುಷಿ ತಡೆಯಲಿಲ್ಲ. "ಹಂದಿ ಮೂಗಿನವು ಎಷ್ಟಿವೆ, ಎಣಿಸು ನೋಡೋಣ" ಅಂದೆ.

ಕೈಯಲ್ಲಿದ್ದ ಗುಂಡಿ ಕೆಳಗಿಟ್ಟ. "ಅಮ್ಮ, ಫೋನ್ ಕೊಡು."

ಆವತ್ತು ರಾತ್ರಿ ಅದನ್ನೇ ಯೋಚನೆ ಮಾಡಿದೆ. ಕಾರ್ಡಿನ ಜೊತೆ ಆದದ್ದೂ ಇದೇ ಅಲ್ವಾ? ಆಟದ ಮಧ್ಯೆ ನಾನು ಪರೀಕ್ಷೆ ತಂದು ಇಟ್ಟಿದ್ದೆ. ಉತ್ತರ ನನಗೆ ಗೊತ್ತಿದೆ ಅಂತ ಅವನಿಗೂ ಗೊತ್ತು. ಮತ್ಯಾಕೆ ಕೇಳೋದು? ನಮ್ಮನ್ನ ಯಾರಾದರೂ ದಾರೀಲಿ ನಿಲ್ಲಿಸಿ "ನಿಮ್ಮ ಕೈಯಲ್ಲಿ ಎಷ್ಟು ಬೆರಳು?" ಅಂದರೆ ನಾವು ನಿಂತು ಹೇಳ್ತೀವಾ?

ಮಾರನೇ ದಿನದಿಂದ ಕೇಳೋದು ಬಿಟ್ಟೆ. ಕೆಲಸ ಕೊಡೋಕೆ ಶುರು ಮಾಡಿದೆ. ಸುಳ್ಳು ಕೆಲಸ ಅಲ್ಲ, ನನಗೆ ನಿಜವಾಗಿ ಆಗಬೇಕಾದ್ದು. ಒಂದು ಹಳೇ ಶರ್ಟ್ ಕೊಟ್ಟು, "ಇದಕ್ಕೆ ಒಂದೇ ಥರದ ಗುಂಡಿ ಬೇಕು, ಹುಡುಕಿ ಕೊಡ್ತೀಯಾ" ಅಂದೆ. ಶರ್ಟನ್ನ ಚಾಪೆ ಮೇಲೆ ಹಾಸಿ, ಒಂದೊಂದು ಕಾಜದ ಪಕ್ಕ ಒಂದೊಂದು ಗುಂಡಿ ಇಟ್ಟುಕೊಂಡು ಹೋದ. ಒಂದು ಕಾಜ ಖಾಲಿ ಉಳಿಯಿತು. ಮತ್ತೆ ಡಬ್ಬಿ ಕೆದಕಿದ. ಹೀಗೆ ಎರಡು ವಾರ ನಡೆದ ಮೇಲೆ ಒಂದು ದಿನ ಶರ್ಟ್ ಹಾಸದೇ ಏಳು ಗುಂಡಿ ಎಣಿಸಿ ತಂದು ಕೊಟ್ಟ. ನಾನು ಶಭಾಷ್ ಅನ್ನಲಿಲ್ಲ. ತಗೊಂಡು ಹೊಲಿದೆ. ಬಾಯಿಗೆ ಬಂದಿದ್ದ ಶಭಾಷ್ ನುಂಗೋದು ಎಷ್ಟು ಕಷ್ಟ ಅಂತ ತಾಯಂದಿರಿಗೇ ಗೊತ್ತು.

ಇಲ್ಲಿ ನನ್ನ ತಪ್ಪೊಂದನ್ನ ಹೇಳಬೇಕು. ನನ್ನ ಮಗಳು ಚಿನ್ನಿಗೆ ಆಗ ಒಂದೂವರೆ ವರ್ಷ. ಅಣ್ಣ ಆಡುವಾಗ ಪಕ್ಕದಲ್ಲೇ ಕೂತಿರುತ್ತಿದ್ದಳು. ಒಂದು ಸಂಜೆ ಹುಣಸೆ ಬೀಜ ಮೂಗಿಗೆ ತುರುಕಿಕೊಂಡಳು. ನಾನು ಪಿಕೋ ಹಾಕುತ್ತಿದ್ದೆ, ನೋಡಿಯೇ ಇರಲಿಲ್ಲ. ಪುಟ್ಟ ಬಂದು "ಚಿನ್ನಿ ಮೂಗಲ್ಲಿ ಬೀಜ ನೆಟ್ಟಿದ್ದಾಳೆ" ಅಂದಾಗಲೇ ಗೊತ್ತಾಗಿದ್ದು. ನಾನೇ ಬೆರಳು ಹಾಕೋಕೆ ಹೋದೆ. ಹಾಗೆ ಮಾಡಬಾರದಂತೆ, ಇನ್ನೂ ಒಳಗೆ ಹೋಗುತ್ತೆ. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಎರಡು ನಿಮಿಷದಲ್ಲಿ ತೆಗೆದರು, ಹತ್ತು ನಿಮಿಷ ಬೈದರು. ಬೈಸಿಕೊಳ್ಳೋದು ನನಗೆ ಬೇಕಾಗಿತ್ತು. ಅವತ್ತಿಂದ ಗುಂಡಿ, ಬೀಜ ಎಲ್ಲ ಬೀರು ಮೇಲೆ. ಚಿನ್ನಿ ಮಲಗಿದಾಗ ಮಾತ್ರ ಕೆಳಗೆ ಇಳಿಯುತ್ತವೆ. ಸೂಜಿ, ಕತ್ತರಿ ಬೇರೆ ಡಬ್ಬಿ, ಅದಕ್ಕೆ ಬೀಗ. ಅತ್ತೆಯ ಹಳೇ ಅಳಗುಳಿ ಮಣೆಯ ಜೊತೆ ಇದ್ದ ಗುಲಗಂಜಿಯನ್ನಂತೂ ಮನೆಯಿಂದಲೇ ಆಚೆ ಹಾಕಿದೆ. ನೋಡೋಕೆ ಕೆಂಪಗೆ ಚೆಂದ, ಆದರೆ ಅಗಿದು ನುಂಗಿದರೆ ವಿಷ. ಚಿನ್ನಿಗೆ ಈಗ ತೆಂಗಿನ ಕರಟಗಳು. ಒಂದರೊಳಗೆ ಒಂದು ಕೂರಿಸುತ್ತಾಳೆ, ಬಡಿಯುತ್ತಾಳೆ, ನೀರು ತುಂಬಿ ಚೆಲ್ಲುತ್ತಾಳೆ. ತಿಪಟೂರಿನಲ್ಲಿ ಕರಟಕ್ಕೇನು ಬರವೇ?

ಅತ್ತೆ ಮೊದಲು ಇದರಲ್ಲಿ ಸೇರಿರಲಿಲ್ಲ. "ಮಕ್ಕಳಿಗೆ ಆಡ್ಸೋದನ್ನೂ ಪುಸ್ತಕ ನೋಡಿ ಮಾಡ್ತಾಳೆ" ಅಂತ ನಗುತ್ತಿದ್ದರು. ಊರಿಂದ ರಾಗಿ ಬಂದ ದಿನ ತಾವೇ ಮೊಮ್ಮಗನನ್ನ ಎಳೆದುಕೊಂಡರು. ನಮ್ಮನೆಯಲ್ಲಿ ಇನ್ನೂ ಸೇರು, ಅಚ್ಚೇರು, ಪಾವು ಇವೆ. ಅತ್ತೆ ಸೇರಿನಲ್ಲಿ ಅಳೆದು ಡಬ್ಬಕ್ಕೆ ಹಾಕುತ್ತಾ "ಲಾಭ, ಎರಡು, ಮೂರು" ಅಂತ ಎಣಿಸಿದರು. ಹಳ್ಳಿಯಲ್ಲಿ ಕಾಳು ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನಲ್ಲ, ಲಾಭ ಅಂತಾರೆ. ಪುಟ್ಟನಿಗೆ ಪಾವು ಸಿಕ್ಕಿತು. ಪಾವಿನಲ್ಲಿ ತುಂಬಿ ತುಂಬಿ ಸೇರಿಗೆ ಸುರಿದ. ನಾಲ್ಕನೇ ಪಾವಿಗೆ ಸೇರು ತುಂಬಿತು. ಐದನೆಯದು ನೆಲಕ್ಕೆ. ಅಚ್ಚೇರಿಗೆ ಹಾಕಿದ, ಎರಡೇ ಪಾವಿಗೆ ತುಂಬಿತು. ಯಾರೋ ಮೋಸ ಮಾಡಿದ ಹಾಗೆ ಅಜ್ಜಿ ಮುಖ ನೋಡಿದ. ಎರಡು ಅಚ್ಚೇರು ತಂದು ಸೇರಿಗೆ ಸುರಿದು ನೋಡಿದ. ಸರಿಯಾಗಿ ಕೂತಿತು. ಆಮೇಲೆ ಒಂದು ವಾರ ಮನೆಯಲ್ಲಿ ಅಳೆಯದೆ ಬಿಟ್ಟದ್ದು ಏನೂ ಇಲ್ಲ. ಅಕ್ಕಿ, ನೀರು, ಅಂಗಳದ ಮರಳು, ಅಪ್ಪನ ಸಾಕ್ಸಿನ ಒಳಗೆ ಎಷ್ಟು ಪಾವು ಕಡಲೆಕಾಯಿ ಹಿಡಿಯುತ್ತೆ, ಎಲ್ಲ.

ಇದರಿಂದ ಒಂದು ಫಜೀತಿಯೂ ಆಯಿತು. ಎಲ್‌ಕೆಜಿಯಲ್ಲಿ ಮಿಸ್ ಎಣಿಸೋಕೆ ಹೇಳಿದಾಗ ಪುಟ್ಟ ಎದ್ದು ನಿಂತು "ಲಾಭ, ಎರಡು, ಮೂರು" ಅಂದನಂತೆ. ನನ್ನನ್ನ ಕರೆಸಿದರು. ವಿಷಯ ಹೇಳಿದೆ. ಅವರು ಹಳ್ಳಿ ಕಡೆಯವರೇ. "ಅಯ್ಯೋ, ನಮ್ಮ ತಾತನೂ ಹಾಗೇ ಅಂತಿದ್ರು" ಅಂತ ನಕ್ಕರು.

ಅಕ್ಷರದ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ನಮ್ಮಕ್ಕ. ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ, ಅಂದರೆ ಆಟ ಆಡಿಸುತ್ತಾ ಕಲಿಸೋ ಪದ್ಧತಿಯ ಟೀಚರ್. "ಅ ಆ ಇ ಈ ಅಂತ ಸಾಲಾಗಿ ಯಾಕೆ ಬರೆಸ್ತೀಯೇ? ರ, ಗ, ಸ, ದ, ಅ. ಈ ಐದು ಮೊದಲು ಕಲಿಸು" ಅಂದಳು. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಅದು. ಈ ಐದರ ಗುಟ್ಟು ನನಗೆ ಬರೆದು ನೋಡಿದಾಗಲೇ ಗೊತ್ತಾಗಿದ್ದು. ಗೀಟುಗಳು ಸುಲಭ. ಒತ್ತಿಲ್ಲ, ಕೊಂಬಿಲ್ಲ. ಆದರೂ ಐದೇ ಅಕ್ಷರಕ್ಕೆ ಸರ, ದರ, ರಸ, ಅರಸ, ಅಗಸ, ದಸರ ಅಂತ ಪದಗಳು ಸಿಗುತ್ತವೆ. ಅ ಆ ಇ ಈ ಸಾಲಾಗಿ ಹತ್ತು ಅಕ್ಷರ ಕಲಿತರೂ ಮಗುವಿಗೆ ಓದೋಕೆ ಒಂದು ಪದ ಸಿಗೋದು ಕಷ್ಟ.

ಮೊದಲು ರಾಗಿ ಹಿಟ್ಟು ಹರಡಿ ಬೆರಳಲ್ಲಿ ಬರೆಸಿದೆ. ಅತ್ತೆ ಬೈದರು, "ತಿನ್ನೋ ಹಿಟ್ಟನ್ನ ನೆಲಕ್ಕೆ ಹಾಕ್ತಾರಾ?" ಅವರ ಮಾತು ಸರಿ, ಮೇಲಾಗಿ ಇರುವೆ ಬೇರೆ. ಆಮೇಲೆ ನನ್ನ ಕೆಲಸದ ಸಾಮಾನಿಗೇ ಬಂದೆ. ಅಂಗೈ ಅಗಲದ ಐದು ತುಂಡು ಬಟ್ಟೆ ಕತ್ತರಿಸಿ, ಒಂದೊಂದರ ಮೇಲೆ ಟೈಲರ್ ಚಾಕ್‌ಪೀಸಿನಲ್ಲಿ ಅಕ್ಷರ ಬರೆದು, ಅದರ ಮೇಲೆ ದಪ್ಪ ಲೇಸ್ ಕೂರಿಸಿ ಹೊಲಿದೆ. ಕಣ್ಣು ಮುಚ್ಚಿ ಸವರಿದರೂ ಯಾವುದು ಅಂತ ಗೊತ್ತಾಗಬೇಕು, ಹಾಗೆ. ಕಲಿಸಲಿಲ್ಲ. "ಇದು ಅಜ್ಜಿ ಸರ" ಅಂತ ಸ, ರ ಪಕ್ಕಪಕ್ಕ ಇಟ್ಟು ಎದ್ದು ಹೋದೆ. ತರಕಾರಿ ಅಂಗಡಿ ಬೋರ್ಡಿನ 'ದರ' ಒಂದು ದಿನ ಅವನೇ ಹಿಡಿದ.

ನಮ್ಮ ಬೀದಿಯ ತುದಿಯಲ್ಲಿ ಮರಗೆಲಸದವರಿದ್ದಾರೆ. ಪುಟ್ಟನಿಗೆ ಅಲ್ಲಿ ನಿಂತು ನೋಡೋದೆಂದರೆ ಪ್ರಾಣ. ಒಂದು ಮಧ್ಯಾಹ್ನ ಓಡಿ ಬಂದು ಬಟ್ಟೆ ಅಕ್ಷರಗಳನ್ನ ಚಾಪೆ ಮೇಲೆ ಜೋಡಿಸಿದ. ಗ ಇಟ್ಟ, ರ ಇಟ್ಟ. ಆಮೇಲೆ ತಡಕಾಡಿದ. ಗ ತೆಗೆದು ರ ಆದಮೇಲೆ ಇಟ್ಟ, ಆಗ ಮುಂದಿನ ಜಾಗ ಖಾಲಿ. ಹಿಂದಕ್ಕೆ ಇಟ್ಟ. ಬಾಯಲ್ಲಿ ಸಣ್ಣಗೆ ಗ-ರ-ಗ, ಗ-ರ-ಗ ಅಂತ ನಡೀತಾನೇ ಇತ್ತು. ಕೊನೆಗೆ ನನ್ನ ಸೆರಗು ಎಳೆದ. "ಅಮ್ಮ, ಗರಗಸಕ್ಕೆ ಗ ಸಾಲ್ತಿಲ್ಲ. ಇನ್ನೊಂದು ಹೊಲಿ." ಕೈಯಲ್ಲಿದ್ದ ಬ್ಲೌಸ್ ಬಿಟ್ಟು ಹೊಲಿದುಕೊಟ್ಟೆ. ಆ ಬ್ಲೌಸಿನವರು ಸಂಜೆ ಬಂದು ಕಾಯಬೇಕಾಯಿತು, ಕ್ಷಮಿಸಲಿ. ಆಮೇಲೆ ಜ, ವ, ಮ, ಬ, ನ ಹೊಲಿದೆ. ಮನ, ವನ, ಜನ, ಬಸವ. ನಮ್ಮ ದೇವರ ಹೆಸರೇ ಬಂತು ಅಂತ ಅತ್ತೆಗೆ ಬಸವ ತುಂಬಾ ಇಷ್ಟವಾಯಿತು.

ರಾತ್ರಿ ಹೊತ್ತು ಚೌಕಾಬಾರ. ಇದೂ ಅತ್ತೆಯದೇ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ, ಕವಡೆ ಬದಲು ಒಂದು ಕಡೆ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಹುಣಸೆ ಬೀಜ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು ಮನೆ. ಮೊದಮೊದಲು ಒಂದೊಂದೇ ಮನೆ ಮುಟ್ಟಿ ಎಣಿಸುತ್ತಿದ್ದವನು ಈಗ ದೂರದಿಂದಲೇ "ಮೂರು ಬಿದ್ರೆ ಅಜ್ಜಿ ಕಾಯಿ ಕಡೀಬಹುದು" ಅಂತಾನೆ. ಆದರೆ ಮೊದಲ ಸಲ ಅವನ ಕಾಯಿ ಕಡಿದಾಗ ಬೀಜಗಳನ್ನ ಗೋಡೆಗೆ ಎಸೆದು ಹೊರಳಾಡಿ ಅತ್ತಿದ್ದ. ನಾನು ಅತ್ತೆಗೆ ಕಣ್ಸನ್ನೆ ಮಾಡಿದೆ, ಒಂದಾಟ ಸೋತುಬಿಡಿ ಅಂತ. ಅವರು ಒಪ್ಪಲಿಲ್ಲ. "ಅಳ್ಲಿ ಬಿಡು. ನಾಳೆ ಅವನೇ ಬತ್ತಾನೆ." ಬೀಜ ಆರಿಸಿ ಡಬ್ಬಿಗೆ ಹಾಕಿ ಮಲಗಿದರು. ನಾಳೆ ಅಲ್ಲ, ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಬಂದ.

ಫೋನ್ ಪೂರ್ತಿ ಬಿಟ್ಟಿದೆಯಾ ಅಂದರೆ, ಇಲ್ಲ. ನನ್ನ ಯಜಮಾನರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ರಾತ್ರಿ ಎಂಟೂವರೆಗೆ ವಿಡಿಯೋ ಕಾಲ್ ಮಾಡುತ್ತಾರೆ. ಅದಕ್ಕೆ ಅಡ್ಡಿ ಇಲ್ಲ. ಜ್ವರ ಬಂದಾಗ, ಹಬ್ಬದ ಕೊನೇ ಎರಡು ದಿನ ಈಗಲೂ ಕೊಡುತ್ತೇನೆ. ಕಷ್ಟವಾದದ್ದು ಅವನಿಂದ ಬಿಡಿಸೋದಲ್ಲ, ನಾನು ಬಿಡೋದು. ಬ್ಲೌಸ್ ಡಿಸೈನ್ ನೋಡ್ತೀನಿ ಅಂತ ಕೂತವಳು ಅರ್ಧ ಗಂಟೆ ಏನೇನೋ ನೋಡಿರುತ್ತಿದ್ದೆ. ಈಗ ಮಕ್ಕಳು ಎದ್ದಿರುವಾಗ ಫೋನು ಅಡುಗೆಮನೆ ಶೆಲ್ಫಿನ ಮೇಲೆ. ರಿಂಗಾದರೆ ಹೋಗಿ ನಿಂತುಕೊಂಡೇ ಮಾತಾಡೋದು. ನಿಂತು ಮಾತಾಡಿದರೆ ಮಾತೂ ಬೇಗ ಮುಗಿಯುತ್ತೆ. ಮನೆ ಮಾತ್ರ ಮೊದಲಿಗಿಂತ ಜಾಸ್ತಿ ಗಲೀಜು. ದಿನಕ್ಕೆ ಒಂದು ಬ್ಲೌಸ್ ಕಮ್ಮಿ ಹೊಲೀತೀನಿ ಅಂತಲೇ ಲೆಕ್ಕ.

ಮೊನ್ನೆ ಪಕ್ಕದ ಬೀದಿಯವರೊಬ್ಬರು ಅಳತೆ ಬ್ಲೌಸ್ ಕೊಟ್ಟು ಹೋದರು. ನನ್ನ 60 ಇಂಚಿನ ಟೇಪು ಈಗ ಅರ್ಧ ಪುಟ್ಟನದು. ತೋಳಿನ ಮೇಲೆ ಟೇಪು ಹಾಸಿ ಒಂದು ತುದಿ ಮೊಣಕಾಲಲ್ಲಿ ಒತ್ತಿ ಹಿಡಿದ. ನಾನು ಅಳತೆ ಪುಸ್ತಕ ತೆಗೆದು ಕಾದೆ.

"ತೋಳುದ್ದ ಒಂಬತ್ತು" ಅಂದ. ಆಮೇಲೆ ಬಗ್ಗಿ ನೋಡಿ, "ಅಲ್ಲ, ಒಂಬತ್ತಾಗಿ ಇನ್ನೂ ಮಿಕ್ಕಿದೆ. ಹತ್ತಕ್ಕೆ ಮುಟ್ಟಿಲ್ಲ."

ನಾನು ಸುಮ್ಮನಿದ್ದೆ. ಅವನು ಟೇಪು ಬಿಡದೆ ಒಳಗಡೆ ತಿರುಗಿ ಕೂಗಿದ, "ಅಜ್ಜೀ, ಅರ್ಧ ಸೇರಿಗೆ ಅಚ್ಚೇರು ಅಂತೀವಲ್ಲ, ಅರ್ಧ ಇಂಚಿಗೆ ಏನಂತಾರೆ?"

"ನಂಗೇನ್ ಗೊತ್ತು ಮಗಾ, ನಿಮ್ಮಮ್ಮನ್ನೇ ಕೇಳು" ಅಂದರು ಅತ್ತೆ.